ಅಗಸಿ ಕಾಯ್ದ ದಿನಗಳು

ಊರು ಬಿಡಿರೆಂದು ಡಂಗುರ ಸಾರಿದವನು ನಾನೇ. ನನಗೆ ಆಗ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಹಿಂದಿನ ವರ್ಷ ಅಪ್ಪ ತೀರಿಕೊಂಡು, ಅವನು ಮಾಡುತ್ತಿದ್ದ ವಾಲಿಕಾರಕಿ ನನ್ನ ಪಾಲಿಗೆ ಬಂದಿತ್ತು. ವಾಲಿಕಾರನೆಂದರೆ ಊರಿನ ಚಾಕರಿಯವನು. ಪೊಲೀಸ್ ಪಾಟೀಲರು ಹೇಳಿದ್ದನ್ನು ಸಾರಬೇಕು, ಆಳಂದದ ತಹಶೀಲ ಕಚೇರಿಗೆ ಕಾಗದ ಒಯ್ಯಬೇಕು, ಊರಿಗೆ ಬಂದ ಸರ್ಕಾರಿ ಕುದುರೆಗೆ ಮೇವು ಹಾಕಬೇಕು. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಒಬ್ಬೊಬ್ಬ ರೈತರ ಕಣದಲ್ಲೂ ನಮಗೆ ಒಂದಿಷ್ಟು ಜೋಳ ಅಳೆದು ಹಾಕುತ್ತಿದ್ದರು. ಅದಕ್ಕೆ ಆಯ ಅನ್ನುತ್ತಿದ್ದೆವು. ವರ್ಷವಿಡೀ ನಮ್ಮ ಮನೆಯ ರೊಟ್ಟಿ ಆ ಜೋಳದ್ದೇ.

ನಮ್ಮ ಊರು ಮಾದನಹಿಪ್ಪರಗಾದ ಹತ್ತಿರ. ಸುತ್ತಲೂ ಹಳೆಯ ಮಣ್ಣಿನ ಗೋಡೆ, ಒಂದೇ ಒಂದು ಅಗಸಿ. ಅಗಸಿಯೆಂದರೆ ಊರಿನ ಹೆಬ್ಬಾಗಿಲು. ನಮ್ಮ ಕೇರಿ ಅದರ ಹೊರಗಿತ್ತು. ಅಗಸಿ ದಾಟುವಾಗ ನಮ್ಮವರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹೋಗುವ ರೂಢಿ. ಆಗ ನಿಜಾಮರ ರಾಜ್ಯ. ಕಚೇರಿಯ ಕಾಗದವೆಲ್ಲ ಉರ್ದು. ನಾನು ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ. ಹಾಗಾಗಿ ಆಗಿನ ಯಾವುದನ್ನೂ ಬರೆದಿಟ್ಟವನಲ್ಲ, ನೆನಪಿದ್ದಷ್ಟನ್ನು ಬರೆಯುತ್ತಿದ್ದೇನೆ.

ಆ ವರ್ಷ ಭಾದ್ರಪದದಲ್ಲಿ ಇಲಿ ಬೀಳತೊಡಗಿದವು. ಹಾಡಹಗಲೇ ಮಾಳಿಗೆಯ ಜಂತಿಯಿಂದ ಕೆಳಗೆ ಬಿದ್ದು, ಕುಡಿದವರ ಹಾಗೆ ತೂರಾಡಿ, ಜನರ ಕಾಲ ಬಳಿಯೇ ಸಾಯುತ್ತಿದ್ದವು. ಅಫಜಲಪುರದ ಕಡೆ ಪ್ಲೇಗು ಬಂದಿದೆಯೆಂದು ಸಂತೆಯಲ್ಲಿ ಕೇಳಿದ್ದೆವು. ನಮ್ಮ ತನಕ ಬರಲಾರದು ಅಂದುಕೊಂಡಿದ್ದೆವು. ಮೊದಲು ಕಿರಾಣಿ ಅಂಗಡಿಯವರ ಸೊಸೆಗೆ ಜ್ವರ ಬಂತು. ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಎದ್ದು ಮೂರನೆಯ ದಿನ ಸತ್ತಳು. ಅವಳ ಮೈ ತೊಳೆದ ಇಬ್ಬರು ಹೆಂಗಸರು ಅದೇ ವಾರ ಹೋದರು.

ಆಳಂದದಿಂದ ಡಾಕ್ಟರ ಸಾಹೇಬರು ಕುದುರೆಯ ಮೇಲೆ ಬಂದರು. ನಡುವಯಸ್ಸಿನ ಸಣಕಲು ಮನುಷ್ಯ, ಮೆಲ್ಲನೆ ಮಾತನಾಡುವವರು. ಮೂರು ಮನೆ ಒಳಹೊಕ್ಕು ನೋಡಿ, ಹೊರಗೆ ಬಂದು ಕೈ ತೊಳೆದುಕೊಂಡು ಪಾಟೀಲರೊಡನೆ ಮಾತಾಡಿದರು. ಅವರು ಬರೆದುಕೊಟ್ಟ ಹುಕುಮನ್ನು ಪಾಟೀಲರು ಓದಿ ಕನ್ನಡದಲ್ಲಿ ನನಗೆ ಹೇಳಿದರು. ನಾನು ಹಲಗೆ ಬಡಿದು ಸಾರಿದೆ. ಎರಡು ದಿನದೊಳಗೆ ಎಲ್ಲರೂ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ಪಾತ್ರೆ, ಬಟ್ಟೆ ಬಿಟ್ಟು ಬೇರೇನೂ ಒಯ್ಯಬಾರದು. ಕಾಳುಕಡಿಯಲ್ಲಿ ಇಲಿಯ ಚಿಗಟ ಬರುತ್ತದೆ, ಆದ್ದರಿಂದ ಕಾಳನ್ನು ಮುಟ್ಟಲೇ ಕೂಡದು. ಸಾಹೇಬರು ಹೇಳುವ ತನಕ ಯಾರೂ ಊರೊಳಗೆ ಕಾಲಿಡಬಾರದು. ಇಟ್ಟವರು ಹತ್ತು ದಿನ ಎಲ್ಲರಿಂದ ಬೇರೆ ಇರಬೇಕು.

ಜನ ಊರು ಬಿಟ್ಟರು. ರೈತರ ಗುಡಿಸಲು ಕೆರೆಯ ಕಡೆ, ನಮ್ಮ ಕೇರಿಯವರ ಗುಡಿಸಲು ಹಳ್ಳದ ಕಡೆ. ತಿನ್ನಲು ಜೋಳ ಆಳಂದದಿಂದ ಗಾಡಿಯಲ್ಲಿ ಬರುತ್ತಿತ್ತು. ಗೋಡೆ ಬಿದ್ದ ಕಡೆಯೆಲ್ಲ ಮುಳ್ಳು ಬಡಿದು, ಹಗಲು ಅಗಸಿ ಕಾಯುವ ಕೆಲಸ ನನಗೆ ಕೊಟ್ಟರು. ರಾತ್ರಿಯ ಪಾಳಿ ಬೇರೆಯವರದು.

ಬೆನ್ನ ಹಿಂದೆ ಖಾಲಿ ಊರು ಇಟ್ಟುಕೊಂಡು ಹಗಲೆಲ್ಲ ಕೂಡುವುದು ಎಂಥದೆಂದು ಕೂತವರಿಗೇ ಗೊತ್ತು. ಹಿಂದಿನಿಂದ ಏನಾದರೂ ಬಂದೀತು ಅನ್ನಿಸಿ ಗಳಿಗೆಗೊಮ್ಮೆ ತಿರುಗಿ ನೋಡುತ್ತಿದ್ದೆ. ಎಂದೋ ಯಾರೋ ತೆರೆದಿಟ್ಟ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಬಿಟ್ಟುಹೋದ ನಾಯಿಯೊಂದು ಮೊದಮೊದಲು ಬೊಗಳುತ್ತಿತ್ತು, ಆಮೇಲೆ ಅದರ ಸದ್ದೂ ಇರಲಿಲ್ಲ.

ಅಷ್ಟರಲ್ಲಿ ಜನ ಬರತೊಡಗಿದರು. ಒಬ್ಬರಿಗೆ ಮರೆತ ಕಂಬಳಿ ಬೇಕು, ಇನ್ನೊಬ್ಬರಿಗೆ ಗೂಡಿನಲ್ಲಿಟ್ಟ ಓಲೆ ಬೇಕು. ನಾನು ಎದ್ದು ಕೈ ಮುಗಿದು, "ಬ್ಯಾಡ್ರಿ, ಹುಕುಂ ಇಲ್ರಿ" ಅನ್ನುತ್ತಿದ್ದೆ. ಅವರು ಬೈಯುತ್ತಿದ್ದರು. ಬೈಗುಳ ನನಗೆ ಹೊಸದಲ್ಲ. ಹೊಸದೆಂದರೆ, ಬೈದು ಅಲ್ಲಿಂದಲೇ ತಿರುಗಿ ಹೋಗುತ್ತಿದ್ದರು. ಇದರಿಂದ ನನಗೆ ಹಿಗ್ಗಾಯಿತೆಂದು ಯಾರಾದರೂ ತಿಳಿದರೆ ತಪ್ಪು. ಜಡ್ಡು ಹೋದ ಮೇಲೆ ಇದೇ ಜನರ ಕಣದ ಅಂಚಿಗೆ ನಾನು ಚೀಲ ಹಿಡಿದು ನಿಲ್ಲಬೇಕು. ಈ ಮುಖಗಳು ನನ್ನನ್ನು ಆಗ ಹೇಗೆ ನೋಡುತ್ತವೆ ಎಂಬುದು ಪ್ಲೇಗಿನಷ್ಟೇ ನನ್ನನ್ನು ಹೆದರಿಸುತ್ತಿತ್ತು.

ಆಮೇಲೆ ಉತ್ತರಿ ಮಳೆ ಹಿಡಿಯಿತು. ಅಂಥ ಮಳೆಯನ್ನು ನಮ್ಮ ಕಡೆ ಎಷ್ಟೋ ವರ್ಷಕ್ಕೊಮ್ಮೆ ನೋಡುತ್ತೇವೆ. ಮೂರು ದಿನ ಹದವಾಗಿ ಸುರಿದು ನಿಂತಿತು. ಕಪ್ಪು ನೆಲ ಹಿಟ್ಟಿನ ಮುದ್ದೆಯ ಹಾಗೆ ಆಯಿತು. ಹಿಂಗಾರಿ ಜೋಳ ಬಿತ್ತಲು ಇದಕ್ಕಿಂತ ಒಳ್ಳೆಯ ಹದವಿಲ್ಲ. ಬೀಜವೆಲ್ಲ ಊರೊಳಗಿತ್ತು.

ರೈತರು ಪಾಟೀಲರ ಬಳಿಗೆ ಹೋದರು. ಹುಕುಂ ಹುಕುಮೇ ಅಂದರು ಪಾಟೀಲರು. ಆಳಂದದಿಂದ ಬಂದ ಜೋಳವನ್ನೇ ಬಿತ್ತಿರಿ ಅಂದರೆ ರೈತರು ನಕ್ಕರು. ಅದು ಬೀಸುವ ಕಾಳು, ಎಲ್ಲೆಲ್ಲಿಂದಲೋ ಬಂದದ್ದು. ನಮ್ಮ ನೆಲದಲ್ಲಿ ಹುಟ್ಟುವ ನಂಬಿಕೆಯಿಲ್ಲ.

ಮಳೆ ನಿಂತ ಎರಡನೆಯ ದಿನ ಮಧ್ಯಾಹ್ನ ಒಬ್ಬ ರೈತರು ಅಗಸಿಗೆ ಬಂದರು. ಅವರ ಮನೆಯ ಅಂಗಳದಲ್ಲಿ ದೊಡ್ಡ ಬೇವಿನ ಗಿಡವಿತ್ತು, ಊರೆಲ್ಲ ಅವರನ್ನು ಬೇವಿನ ಗಿಡದವರು ಅನ್ನುತ್ತಿತ್ತು. ನಲವತ್ತರ ಆಸುಪಾಸಿನವರು, ಕೊರಳಲ್ಲಿ ಲಿಂಗ, ದಿನಾ ಪೂಜೆ ಮಾಡದೆ ನೀರೂ ಕುಡಿಯದವರು. ನಾಲ್ಕೆತ್ತಿನ ಒಕ್ಕಲುತನ. ಆಯ ಅಳೆಯುವಾಗ ಕೈ ಬಿಗಿ ಹಿಡಿಯುತ್ತಿರಲಿಲ್ಲ. ಅವರ ಹೆಗಲ ಮೇಲೆ ಹಗ್ಗದ ಸುರುಳಿ ಇತ್ತು.

"ತಮ್ಮಾ, ನಾ ಒಳಗ ಹೋಗಿ ಬರ್ತೇನಿ" ಅಂದರು.

"ಬ್ಯಾಡ್ರಿ ಯಪ್ಪಾ. ಹುಕುಂ ಇಲ್ರಿ."

"ಮನಿ ಬಾಗಲಾನೂ ತೆಗಿಯಂಗಿಲ್ಲ. ಅಂಗಳದಾಗ ಹಗೇವಿನೊಳಗ ಬೀಜದ ಚೀಲ ಇಟ್ಟೇನಿ. ಊರು ಬಿಡೂ ದಿನ ಕಳ್ಳರ ಅಂಜಿಕಿಗಿ ಇಳಿಸಿ, ಮ್ಯಾಲ ಬಂಡಿಗಲ್ಲ ಮುಚ್ಚಿ, ಮಣ್ಣ ಮೆತ್ತೇನಿ. ಅದರಾಗ ಇಲಿ ಹ್ಯಾಂಗ ಹೋಗತಾವ ನೀನೇ ಹೇಳು."

ಹಗೇವೆಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಆಳದ ಗುಂಡಿ. ಬಾಯಿ ಕಿರಿದು, ಒಳಗೆ ಅಗಲ. ಅವರು ಹೇಳಿದ್ದು ಸುಳ್ಳಲ್ಲ, ಮುಚ್ಚಿದ ಹಗೇವಿಗೆ ಇಲಿ ಹೋಗುವುದಿಲ್ಲ. 

"ನನ್ನ ಬೀಜ, ನನ್ನ ಅಂಗಳ, ನನ್ನ ಜೀವ" ಅಂದರು ಅವರು. ಗಟ್ಟಿಯಾಗಿ ಅನ್ನಲಿಲ್ಲ. "ಸಾಯೋದಿದ್ರ ನಾ ಸಾಯ್ತೇನಿ. ಈ ಹದ ಹೋದ್ರ ಮುಂದಿನ ವರ್ಷ ನನ್ನ ಮನ್ಯಾಗೂ ಜ್ವಾಳಿಲ್ಲ, ನಿನ್ನ ಮನ್ಯಾಗೂ ಇಲ್ಲ. ನೀ ಆ ಕಡಿ ಮಾರಿ ಮಾಡಿ ಒಂದು ರೊಟ್ಟಿ ತಿನ್ನು. ಅಷ್ಟರಾಗ ಬರ್ತೇನಿ."

ಯಾಕೆ ಬಿಟ್ಟೆ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮರುಕವಿತ್ತು. ಅವರ ಎದುರು ಬಾಯಿ ತೆರೆಯುವ ಅಂಜಿಕೆಯಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನ ಮನೆಯ ಜೋಳದ ಮಾತು ನನಗೆ ನಾಟಿತ್ತು. ನಾನು ಹೊಲದ ಕಡೆ ಮುಖ ಮಾಡಿ ಕೂತು ಬುತ್ತಿ ಬಿಚ್ಚಿದೆ. ಹಿಂದೆ ಅವರ ಹೆಜ್ಜೆಯ ಸದ್ದು ಓಣಿಯೊಳಗೆ ಹೋಗಿ ಕರಗಿತು.

ಒಂದು ರೊಟ್ಟಿ ತಿಂದೆ. ಎರಡನೆಯದನ್ನೂ ತಿಂದೆ. ನೀರು ಕುಡಿದೆ. ಅಗಸಿಯ ನೆರಳು ಸರಿದು ನನ್ನ ಕಾಲಿಗೆ ಬಂತು. ಅವರು ಬರಲಿಲ್ಲ.

ಮುಳ್ಳು ಸರಿಸಿ ಬೇರೆ ಕಡೆಯಿಂದ ಹೋಗಿರಬೇಕೆಂದು ಸಮಾಧಾನ ಮಾಡಿಕೊಂಡೆ. ಆದರೆ ಒಂದು ಮಾತು ಮನಸ್ಸಿಗೆ ಬಂತು. ಊರಿನಲ್ಲಿ ಹಗೇವು ತೆಗೆಯುವಾಗ ಒಳಗಿಳಿಯುವವರು ನಮ್ಮ ಕೇರಿಯವರು. ಅಪ್ಪ ನನಗೆ ಕಲಿಸಿದ್ದ: ಮುಂಜಾನೆ ಬಾಯಿ ತೆಗೆದರೆ ಸಂಜೆಯ ತನಕ ಇಳಿಯಬಾರದು, ಮೊದಲು ಕಂದೀಲು ಇಳಿಬಿಟ್ಟು ನೋಡಬೇಕು, ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದೇ ಅರ್ಥ. ಬೇವಿನ ಗಿಡದವರು ಎಷ್ಟೋ ಸಲ ಹಗೇವು ತೆಗೆಸಿದ್ದರು; ತಾವೇ ಎಂದೂ ಇಳಿದವರಲ್ಲ. ಬೇರೆ ದಿನಗಳಾಗಿದ್ದರೆ ನಾಲ್ಕು ಜನರನ್ನು ಕರೆಯುತ್ತಿದ್ದರು. ಕದ್ದು ಹೋದವರು ಯಾರನ್ನು ಕರೆದಾರು?

ನಾನು ಅಗಸಿಯಲ್ಲಿ ಎದ್ದು ನಿಂತೆ. ಕೂಗಿ ಜನರನ್ನು ಕರೆದರೆ ಅವರನ್ನು ಬಿಟ್ಟವನು ನಾನೆಂದು ಗೊತ್ತಾಗುತ್ತದೆ. ಸುಮ್ಮನಿದ್ದರೆ ಮನುಷ್ಯ ಸಾಯುತ್ತಾನೆ. ಒಳಗೆ ಹೋದರೆ ಸತ್ತ ಇಲಿಗಳ ಊರು. ಎಷ್ಟು ಹೊತ್ತು ಹಾಗೆ ನಿಂತೆನೋ ತಿಳಿಯದು. ಬೇಗ ಹೊರಟೆನೆಂದು ಬರೆದರೆ ಸುಳ್ಳಾಗುತ್ತದೆ.

ಓಣಿಯಲ್ಲಿ ಅರ್ಧ ದಾರಿ ಹೋದ ಮೇಲೆ ನೋಡಿಕೊಂಡೆ, ನನ್ನ ಚಪ್ಪಲಿ ಕೈಯಲ್ಲಿದ್ದವು. ನೋಡುವವರು ಯಾರೂ ಇರಲಿಲ್ಲ, ಆದರೂ ರೂಢಿಯಂತೆ ಅಗಸಿಯಲ್ಲಿ ಕಳಚಿದ್ದೆ. ಬರಿಗಾಲಿನ ಮುಂದೆ ಒಣಗಿದ ಇಲಿಯೊಂದು ಬಿದ್ದಿತ್ತು. ಅದರಾಚೆ ಇನ್ನೊಂದು. ಅವಸರದಲ್ಲಿ ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಎರಡೂ ಬದಿಯ ಬಾಗಿಲುಗಳಿಂದ ಕೊಳೆತ ವಾಸನೆ ಬರುತ್ತಿತ್ತು.

ಬೇವಿನ ಗಿಡದವರ ಅಂಗಳದಲ್ಲಿ ಹಗೇವಿನ ಬಾಯಿ ತೆರೆದಿತ್ತು. ಹಗ್ಗದ ಒಂದು ತುದಿ ಕಟ್ಟೆಯ ಕಂಬಕ್ಕೆ ಬಿಗಿದಿತ್ತು, ಇನ್ನೊಂದು ಒಳಗೆ ಇಳಿದಿತ್ತು. "ಯಪ್ಪಾ" ಎಂದು ಕೂಗಿದೆ. ನನ್ನ ದನಿಯೇ ಒಳಗಿನಿಂದ ತಿರುಗಿ ಬಂತು. ಬಗ್ಗಿ ನೋಡಿದರೆ ಕೆಳಗೆ ಚೀಲಗಳ ಮೇಲೆ ಮುಖ ಮೇಲಾಗಿ ಬಿದ್ದಿದ್ದರು. ನಮ್ಮವರು ಮಾಡುವುದನ್ನು ನೋಡಿಯೋ ಏನೋ, ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದರು. ಅದೊಂದು ಅವರ ಪುಣ್ಯ.

ಹಗ್ಗ ಹಿಡಿದು ಜಗ್ಗಿದೆ. ಒಂದು ಮೊಳ ಬಂದರೆ ಕಂಬಕ್ಕೆ ಸುತ್ತು ಹಾಕಿ ಉಸಿರು ಬಿಡುತ್ತಿದ್ದೆ, ಮತ್ತೆ ಜಗ್ಗುತ್ತಿದ್ದೆ. ಅಂಗೈ ಸುಲಿಯಿತು. ಬಾಯಿಗೆ ಬಂದಾಗ ರಟ್ಟೆ ಹಿಡಿದು ಎಳೆದು ಹಾಕಿದೆ. ಮುಖ ನೀಲಿಗಟ್ಟಿತ್ತು. ಆ ಮನೆಯವರನ್ನು ನಾನು ಅಂದಿನ ತನಕ ಮುಟ್ಟಿದವನಲ್ಲ; ಅವರ ಎದೆ ಒತ್ತಿದೆ, ಕೆನ್ನೆ ತಟ್ಟಿದೆ, ಬೋರಲು ಮಾಡಿ ಬೆನ್ನಿಗೆ ಗುದ್ದಿದೆ. ಬಹಳ ಹೊತ್ತಿನ ಮೇಲೆ ಕೆಮ್ಮಿ ವಾಂತಿ ಮಾಡಿಕೊಂಡರು. ಹೆಗಲ ಮೇಲೆ ಹೊತ್ತು ಅಗಸಿಯ ಹೊರಗೆ ತಂದು ಜಾಲಿಯ ನೆರಳಲ್ಲಿ ಮಲಗಿಸಿದೆ. ಬೀಜ ಹಗೇವಿನಲ್ಲೇ ಉಳಿಯಿತು.

ಮಾತು ಬಂದ ಮೇಲೆ ಅವರು ಮೊದಲು ಹೇಳಿದ್ದು, "ಯಾರ ಮುಂದೂ ಅನ್ನಬ್ಯಾಡ" ಎಂದು. "ನನಗೂ ಚೊಲೊ, ನಿನಗೂ ಚೊಲೊ."

"ಇಲ್ರಿ ಯಪ್ಪಾ, ಅನ್ನಂಗಿಲ್ರಿ" ಅಂದೆ. ಮನಸ್ಸಿನಿಂದಲೇ ಅಂದೆ. ಹೇಳಿ ನಾನು ಪಡೆಯುವುದೇನಿತ್ತು?

ಸಂಜೆ ಪಾಳಿಯವರು ಬರುವ ಮೊದಲು ಅವರು ಎದ್ದು ಹೊಲದ ಬದುವಿನ ಮೇಲೆ ನಿಧಾನ ನಡೆಯುತ್ತ ಕೆರೆಯ ಕಡೆ ಹೊರಟರು. ನಾನು ಪಾಳಿ ಒಪ್ಪಿಸಿ ನಮ್ಮ ಗುಡಿಸಲಿಗೆ ಹೋದೆ. ಹೆಂಡತಿ ಒಲೆಯ ಮುಂದಿದ್ದಳು. ಮಗಳಿಗೆ ಆಗ ವರ್ಷ ತುಂಬಿ ತಪ್ಪು ಹೆಜ್ಜೆ ಇಡುವ ಕಾಲ. ನನ್ನನ್ನು ಕಂಡು ಎರಡೂ ಕೈ ಮುಂದೆ ಚಾಚಿ ಬರತೊಡಗಿದಳು.

ನನ್ನ ಕಾಲು ತಾನಾಗಿ ಹಿಂದೆ ಸರಿಯಿತು. ಪಂಚೆಯ ಮೇಲೆ, ಕಾಲಿನ ಕೂದಲಲ್ಲಿ ಏನೋ ಹರಿದಾಡಿದ ಹಾಗಾಯಿತು. "ಹಿಡಕೊ ಅದನ್ನ" ಎಂದು ಕೂಗಿದೆ. ಹೆಂಡತಿ ಬೆಚ್ಚಿ ಮಗುವನ್ನು ಎತ್ತಿಕೊಂಡಳು.

"ಯಾಕ, ಏನಾಯ್ತು? ಒಳಗ ಬಾ."

"ಬರಂಗಿಲ್ಲ. ಊರಾಗ ಹೋಗಿದ್ದೆ."

ಅವಳು ಮಗುವಿನ ತಲೆಯನ್ನು ಎದೆಗೆ ಒತ್ತಿಕೊಂಡು ಒಳಗೆ ಸರಿದಳು. ಅವಳ ಕಣ್ಣಲ್ಲಿ ಆ ಹೊತ್ತು ನನ್ನ ಮೇಲೆ ಇದ್ದ ಭಯವನ್ನು ನಾನು ಬೇರೆ ಎಂದೂ ಕಂಡಿಲ್ಲ. ಆಗ ನೆನಪಾಯಿತು: ಬೇವಿನ ಗಿಡದವರಿಗೆ ಮೂರು ಮಕ್ಕಳು. ಅವರು ಬದುವಿನ ಮೇಲೆ ನಡೆಯುತ್ತಿದ್ದಾರೆ.

ಪಾಟೀಲರ ಗುಡಿಸಲಿನ ತನಕ ಓಡಿದೆ. ದೂರದಲ್ಲೇ ನಿಂತು ಕೂಗಿ ಎಲ್ಲ ಹೇಳಿದೆ. ಪಾಟೀಲರು ಊಟದ ತಟ್ಟೆ ಬಿಟ್ಟು ಎದ್ದು ಬಂದರು. ಅಷ್ಟರಲ್ಲಿ ಬೇವಿನ ಗಿಡದವರು ಗುಡಿಸಲ ಸಾಲಿನ ಹತ್ತಿರ ಬಂದಿದ್ದರು. ಅವರ ಸಣ್ಣ ಮಗ ಅಪ್ಪನನ್ನು ಕಂಡು ಓಡುತ್ತಿದ್ದ.

"ಅಲ್ಲೇ ನಿಲ್ಲು" ಎಂದು ಪಾಟೀಲರು ಕೂಗಿದರು. "ಕೂಸಿಗಿ ಮುಟ್ಟಬ್ಯಾಡ."

ಅವರು ನಿಂತರು. ಪಾಟೀಲರನ್ನು ನೋಡಿದರು, ದೂರದಲ್ಲಿದ್ದ ನನ್ನನ್ನು ನೋಡಿದರು. ಹುಡುಗನನ್ನು ಅವನ ಅವ್ವ ಬಂದು ಹಿಡಿದುಕೊಂಡಳು.

"ನಿನ್ನ ಹಣೇಬರಾ ಜಡ್ಡು ಹೋದ ಮ್ಯಾಲ ನೋಡ್ತೇನಿ" ಎಂದು ಪಾಟೀಲರು ನನಗೆ ಹೇಳಿದರು.

ಮರುದಿನ ಹಳ್ಳದ ಆಚೆಯ ಬರಡು ನೆಲದಲ್ಲಿ ಎರಡು ಗುಡಿಸಲು ಹಾಕಿಸಿದರು. ಬೇವಿನ ಗಿಡದವರಿಗೊಂದು, ನನಗೊಂದು, ನಡುವೆ ಇಪ್ಪತ್ತು ಹೆಜ್ಜೆ. ದಿನಾ ಮುಂಜಾನೆ ಅವರ ತಮ್ಮ ಬುತ್ತಿಯನ್ನೂ ತಾಮ್ರದ ಕೊಡದಲ್ಲಿ ನೀರನ್ನೂ ತಂದು ದೂರದ ಬಂಡೆಯ ಮೇಲಿಟ್ಟು ಹೋಗುತ್ತಿದ್ದ. ನನ್ನ ಹೆಂಡತಿ ನನ್ನ ರೊಟ್ಟಿಯನ್ನೂ ಮಣ್ಣಿನ ಗಡಿಗೆಯನ್ನೂ ಬೇರೆ ಬಂಡೆಯ ಮೇಲಿಡುತ್ತಿದ್ದಳು. ತಂದಿಟ್ಟವರು ಹಿಂದೆ ಸರಿದ ಮೇಲೆ ನಾವು ಹೋಗಿ ತೆಗೆದುಕೊಳ್ಳಬೇಕು.

ಕಣ್ಣು ಬಿಟ್ಟೊಡನೆ ನಾನು ಕೊರಳು, ಕಂಕುಳು, ತೊಡೆಸಂದಿ ಒತ್ತಿ ನೋಡಿಕೊಳ್ಳುತ್ತಿದ್ದೆ. ಮಧ್ಯಾಹ್ನದ ಬಿಸಿಲಿಗೆ ಮೈ ಬೆಚ್ಚಗಾದರೂ ಜ್ವರವೆಂದು ಬೆವರುತ್ತಿದ್ದೆ. ಬೆವರಿದರೆ ಜ್ವರ ಇಳಿಯಿತು ಅನ್ನಿಸುತ್ತಿತ್ತು. ಅವರೂ ಹಾಗೇ ಮಾಡುತ್ತಿದ್ದರೋ ಏನೋ. ಮೊದಲೆರಡು ದಿನ ನನ್ನ ಕಡೆ ತಿರುಗಿ ನೋಡಲಿಲ್ಲ. ಹಳ್ಳದ ದಂಡೆಯಲ್ಲಿ ಕೂತು ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುತ್ತಿದ್ದರು. ಆಮೇಲೆ ದೂರದ ತಮ್ಮ ಹೊಲ ನೋಡುತ್ತ ಕೂಡುತ್ತಿದ್ದರು.

ಮೂರನೆಯ ದಿನ ಮಾತಾಡಿದರು.

"ಇವತ್ತ ನೆಲ ಹದಕ್ಕ ಅದ" ಅಂದರು. "ನಾಳಿ ಕಳದ್ರ ಮ್ಯಾಲಿನ ಪದರ ಒಣಗತಾದ."

"ಹೌದ್ರಿ."

ಅವರು ನನ್ನ ಕಡೆ ತಿರುಗಿ, "ನೀ ಹೇಳಬಾರದಿತ್ತು" ಅಂದರು. "ಅನ್ನಂಗಿಲ್ಲ ಅಂತ ಮಾತು ಕೊಟ್ಟಿದ್ದಿ."

"ನನ್ನ ಕೂಸು ಸಣ್ಣದ ಅದರಿ ಯಪ್ಪಾ."

"ನನ್ನ ಮನ್ಯಾಗೂ ಮೂರು ಅವ" ಎಂದರು ಸಿಟ್ಟಿನಿಂದ.  ತಾವು ಅಂದ ಮಾತು ತಮಗೇ ಕೇಳಿಸಿತೋ ಏನೋ, ಮತ್ತೆ ಆ ವಿಷಯ ತೆಗೆಯಲಿಲ್ಲ.

ನಾಲ್ಕನೆಯ ದಿನ ಬಂಡೆಯ ತನಕ ಹೋಗುವಾಗ ಅವರು ಬಲಗಾಲು ಎಳೆಯುತ್ತಿದ್ದರು. ಬುತ್ತಿ ತಂದಿಟ್ಟುಕೊಂಡರು, ಬಿಚ್ಚಲಿಲ್ಲ. ಕಂಬಳಿ ಹೊದ್ದು ಬಿಸಿಲಲ್ಲೇ ಕೂತರು.

"ಯಾಕ್ರಿ ಯಪ್ಪಾ, ಮೈಯಾಗ ಆರಾಮಿಲ್ಲೇನ್ರಿ?"

"ನೆಗಡಿ. ಮಳ್ಯಾಗ ನೆಂದಿದ್ದೆ" ಅಂದರು. ಆಮೇಲೆ, "ಇದನ್ನೂ ಹೇಳ್ತೀ ಏನು?" ಎಂದು ಕೇಳಿದರು.

 ಜ್ವರ ಬಂದವರನ್ನು ಬಚ್ಚಿಡಬಾರದೆಂದು ಡಂಗುರದಲ್ಲಿ ಸಾರಿದವನು ನಾನೇ. ಅವರ ನಡಿಗೆ ನೋಡಿಯೇ ನನಗೆ ತಿಳಿದಿತ್ತು, ಅವರಿಗೂ ತಿಳಿದಿತ್ತು. ಆದರೂ ಅವರ ಬಾಯಿಂದ ಆ ಮಾತು ಬರುವ ತನಕ ಅದು ನಿಜವಲ್ಲ ಎಂಬಂತೆ ಇಬ್ಬರೂ ಕೂತಿದ್ದೆವು. ಮಧ್ಯಾಹ್ನ ಡಾಕ್ಟರ ಸಾಹೇಬರ ಕುದುರೆ ಬರುವುದು ಕಂಡಿತು. ಗುಡಿಸಲುಗಳಲ್ಲಿ ಸೂಜಿ ಚುಚ್ಚಲು ಬಂದವರು ನಮ್ಮನ್ನೂ ನೋಡಲು ಬಂದಿದ್ದರು. ನಾನು ಎದ್ದು ನಿಂತು ಹೇಳಿದೆ.

ಸಾಹೇಬರು ಅವರ ಗುಡಿಸಲೊಳಗೆ ಬಗ್ಗಿ ಹೋಗಿ, ಸ್ವಲ್ಪ ಹೊತ್ತಿಗೇ ಹೊರಗೆ ಬಂದರು. ಔಷಧದ ಬಾಟಲಿ ಕೊಟ್ಟರು. ಅವರ ಮುಖ ನೋಡಿ ಔಷಧ ಎಷ್ಟು ಮಟ್ಟಿನದೆಂದು ನನಗೆ ಅರ್ಥವಾಯಿತು. ಬೇವಿನ ಗಿಡದವರ ತಮ್ಮ ಬಂಡೆಯ ಬಳಿ ನಿಂತಿದ್ದ. ಅಣ್ಣನ ಸ್ಥಿತಿ ಕೇಳಿದ ಮೇಲೆ ಅವನು ಅಳುತ್ತಲೇ ಹೇಳಿದ, "ಸಾಬ್ರ, ಬೀಜದ ಸಲುವಾಗಿ ಹೋಗಿದ್ನರಿ. ಬೀಜ ತರಾಕ ಹುಕುಂ ಕೊಟ್ಟಿದ್ರ ಕದ್ದು ಹೋಗತಿದ್ದಿಲ್ಲರಿ."

"ಯಾವ ಬೀಜ?" ಎಂದು ಕೇಳಿದರು ಸಾಹೇಬರು. ಅವರಿಗೆ ಬಿತ್ತನೆಯ ವಿಷಯವನ್ನು ಯಾರೂ ಹೇಳಿರಲಿಲ್ಲ. ಎಲ್ಲ ಕೇಳಿ, ಕುದುರೆಯ ಲಗಾಮು ಹಿಡಿದುಕೊಂಡೇ ಹೇಳಿದರು: "ಬಂಡಿಗಲ್ಲಿನ ಮ್ಯಾಲ ತೆಳ್ಳಗ ಹರವಿ, ಮೂರು ದಿನ ಖಡಕ್ ಬಿಸಲಿಗೆ ಒಣಗಿಸಿದ್ರ ಚಿಗಟ ಸಾಯತಾವ. ಕಾಲಿಗೆ ಗ್ಯಾಸಲೆಣ್ಣಿ ಹಚ್ಚಿಕೊಂಡು, ಸೂಜಿ ಹಾಕಿಸಿಕೊಂಡ ನಾಲ್ಕು ಮಂದಿ ಹೋಗಿ ತರಬಹುದಿತ್ತು. ಕೇಳಿದ್ರ ನಾ ಹೇಳತಿದ್ನೆಲ್ಲ."

ಕೇಳುವವರು ಯಾರು? ಕೇಳುವುದೆಂದರೆ ಆಳಂದಕ್ಕೆ ಹೋಗಿ ಕಚೇರಿಯ ಮುಂದೆ ನಿಲ್ಲುವುದು. ಪಾಟೀಲರಿಗೆ ಹುಕುಮಿನ ಮೇಲೆ ಮಾತಾಡಲು ಭಯ, ರೈತರಿಗೆ ಪಾಟೀಲರ ಭಯ. ನಾನು ಹಲಗೆ ಬಡಿಯುವವನು.

ಸಾಹೇಬರು ಹೋದ ಮೇಲೆ ಗುಡಿಸಲೊಳಗಿಂದ ಬೇವಿನ ಗಿಡದವರ ದನಿ ಬಂತು. "ಕೇಳಿದಿ ಏನು, ಅವ್ರು ಅಂದದ್ದು?"

"ಕೇಳೇನ್ರಿ."

"ಬಿಸಲಿಗಿ ಹರವಿದ್ರ ಆಗತಿತ್ತಂತ." ಇಷ್ಟೇ ಅಂದರು.

ಆರನೆಯ ದಿನ ಮುಂಜಾನೆ ಅವರು ಬಂಡೆಯ ಕಡೆ ಹೋಗಲಿಲ್ಲ. ಅವರ ತಮ್ಮ ಬುತ್ತಿ, ಕೊಡ ಇಟ್ಟು ಕೂಗಿ ಕರೆದ. ಅಳುತ್ತ ನಿಂತ. ಹತ್ತಿರ ಬರಲು ಹೆಜ್ಜೆ ಎತ್ತಿದವನು ಅಲ್ಲಿಯೇ ಕೂತು, ಆಮೇಲೆ ಎದ್ದು ಹೋದ. ನಾನು ಅವನನ್ನು ದೂರುವುದಿಲ್ಲ. ಅವನಿಗೂ ಮಕ್ಕಳಿದ್ದವು.

ಬಿಸಿಲೇರಿದಾಗ ಒಳಗಿನಿಂದ "ನೀರು" ಅಂದದ್ದು ಕೇಳಿಸಿತು. ಮತ್ತೆ, ಮತ್ತೆ. ಅವರ ಕೊಡ ದೂರದ ಬಂಡೆಯ ಮೇಲಿತ್ತು. ನನ್ನ ಗಡಿಗೆ ಕಾಲ ಬುಡದಲ್ಲಿತ್ತು. ನನಗೆ ಆಗ ಆರು ದಿನ ತುಂಬುತ್ತಿತ್ತು, ಮೈಯಲ್ಲಿ ಏನೂ ಇರಲಿಲ್ಲ. ಇನ್ನು ನಾಲ್ಕು ದಿನ ಕಳೆದರೆ ಮಗಳನ್ನು ಎತ್ತಿಕೊಳ್ಳಬಹುದಿತ್ತು. ಎರಡೂ ಕಿವಿಗೆ ಕೈ ಮುಚ್ಚಿಕೊಂಡು ಕೂತೆ. ಕೈ ಮುಚ್ಚಿದರೂ ಕೇಳಿಸುತ್ತಿತ್ತು.

ಕೊನೆಗೆ ಹೋಗಿ ಅವರ ಕೊಡವನ್ನೇ ತರೋಣ ಅಂದುಕೊಂಡೆ. ನಾನು ಮುಟ್ಟಿದ ಮೇಲೆ ಅದು ಯಾರ ಕೊಡವಾದರೇನು ಎಂದೂ ಅನ್ನಿಸಿತು. ನನ್ನ ಗಡಿಗೆಯಿಂದ ತಂಬಿಗೆಯಲ್ಲಿ ನೀರು ತುಂಬಿಕೊಂಡು ಒಳಗೆ ಹೋದೆ.

ಅವರ ಕಣ್ಣು ಕೆಂಡದ ಹಾಗಿದ್ದವು. ನನ್ನನ್ನು ಗುರುತಿಸಿದರು. ತಂಬಿಗೆಯನ್ನೂ ನೋಡಿದರು.

"ನನ್ನ ಗಡಗಿ ನೀರರಿ ಯಪ್ಪಾ" ಅಂದೆ. ಹೇಳದೆ ಕೊಡಲು ಮನಸ್ಸು ಒಪ್ಪಲಿಲ್ಲ.

"ಕೊಡು" ಅಂದರು. ತಲೆ ಎತ್ತಿ ಹಿಡಿದೆ. ಕುಡಿದರು. ಸಂಜೆಯ ತನಕ ಕೇಳಿದಾಗೆಲ್ಲ ಕುಡಿಸಿದೆ. ನಡುನಡುವೆ ಮಕ್ಕಳನ್ನು ಕರೆಯುತ್ತಿದ್ದರು, ಎತ್ತುಗಳಿಗೆ ಏನೋ ಹೇಳುತ್ತಿದ್ದರು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವರ ಉಸಿರು ನಿಂತಿತ್ತು.

ಅವರ ತಮ್ಮ ಮತ್ತು ಇನ್ನೂ ಮೂವರು, ಮೈಕೈಗೆ ಗ್ಯಾಸಲೆಣ್ಣೆ, ಅಂದರೆ ಸೀಮೆಎಣ್ಣೆ, ಸವರಿಕೊಂಡು ಬಂದು, ಅಲ್ಲಿಯೇ ಬರಡು ನೆಲದಲ್ಲಿ ತೋಡಿ ಹೂತರು. ಮಠದ ಅಯ್ಯನವರು ದೂರದಲ್ಲಿ ನಿಂತು ಮಂತ್ರ ಹೇಳಿದರು. ಗುಡಿಸಲನ್ನು ಸುಟ್ಟರು. ನಾನು ಅವರ ಹತ್ತಿರ ಹೋಗಿದ್ದೆನೆಂದು ನಾನೇ ಕೂಗಿ ಹೇಳಿದೆ. ಹಾಗಾಗಿ ನನ್ನ ಹತ್ತು ದಿನದ ಎಣಿಕೆ ಮತ್ತೆ ಒಂದರಿಂದ ಶುರುವಾಯಿತು.

ಆ ಎರಡನೆಯ ಹತ್ತು ದಿನ ನಾನು ಮನುಷ್ಯನಾಗಿದ್ದೆ ಎಂದು ಹೇಳಲಾರೆ. ಮೂರನೆಯ ದಿನ ತೊಡೆಸಂದಿಯಲ್ಲಿ ಗಂಟು ಕೈಗೆ ಹತ್ತಿತು. ಹೆಂಡತಿ ಬಂಡೆಯ ಬಳಿ ರೊಟ್ಟಿ ಇಡಲು ಬಂದಾಗ ಅವಳಿಗೆ ಹೇಳಲಿಲ್ಲ. ಜೇವರ್ಗಿಯ ಕಡೆಯ ಅವಳ ತವರಿಗೆ ಹೋಗಿಬಿಡು ಎಂದು ಮಾತ್ರ ಹೇಳಿದೆ. ಅವಳು, "ನಾ ಎಲ್ಲಿಗೂ ಹೋಗಂಗಿಲ್ಲ, ಹೋಗ್ತೇನಂದ್ರೂ ಯಾರೂ ಬಿಡಂಗಿಲ್ಲ" ಅಂದಳು. ಎರಡು ದಿನ ಅನ್ನ ನೀರು ಸೇರಲಿಲ್ಲ. ಐದನೆಯ ದಿನ ಅಂಗಾಲಲ್ಲಿ ಕೀವು ಕಂಡಿತು. ಜಾಲಿಯ ಮುಳ್ಳೊಂದು ಮುರಿದು ಒಳಗೆ ಉಳಿದಿತ್ತು. ಅದನ್ನು ಕಿತ್ತ ಮೇಲೆ ಗಂಟು ಇಳಿಯಿತು. ಮುಳ್ಳನ್ನು ಅಂಗೈಯಲ್ಲಿಟ್ಟುಕೊಂಡು ಅತ್ತೆ.

ಅಷ್ಟರಲ್ಲಿ ಹುಕುಂ ಬದಲಾಗಿತ್ತು. ನನ್ನ ಗುಡಿಸಲ ಮುಂದಿನಿಂದಲೇ ಕಾಣುತ್ತಿತ್ತು: ಕೆರೆಯ ದಂಡೆಯ ಹಾಸುಬಂಡೆಯ ಮೇಲೆ ಜನ ಬೀಜ ಹರವಿದ್ದರು. ಹಸ್ತದ ಮಳೆಗೆ ಬಿತ್ತಿದರು. ಬೇವಿನ ಗಿಡದವರ ಹೊಲವನ್ನು ಅವರ ತಮ್ಮ ಬಿತ್ತಿದ. ತಡವಾದ ಬಿತ್ತನೆ, ಬೆಳೆ ತೆಳ್ಳಗೆ ಬಂತು, ಆದರೂ ಬಂತು. ನಮ್ಮ ಗುಡಿಸಲುಗಳಿಗೆ ಮುಂದೆ ಜಡ್ಡು ಬರಲಿಲ್ಲ. ಪಾಟೀಲರು ನನ್ನನ್ನು ಬೈಯಲಿಲ್ಲ, ಒಳ್ಳೆಯ ಮಾತನ್ನೂ ಆಡಲಿಲ್ಲ.

ಹತ್ತು ದಿನ ತುಂಬಿದಾಗ ಹಳ್ಳದಲ್ಲಿ ಮಿಂದು, ಉಟ್ಟ ಬಟ್ಟೆ ಸುಟ್ಟು, ಹೆಂಡತಿ ತಂದಿಟ್ಟ ಹಳೆಯ ಪಂಚೆ ಉಟ್ಟು ನಮ್ಮ ಗುಡಿಸಲಿಗೆ ಹೋದೆ. ಮಗಳು ನನ್ನನ್ನು ಕಂಡು ಅವ್ವನ ಹಿಂದೆ ಅಡಗಿದಳು.

ಅದಾದ ನಾಲ್ಕೈದು ದಿನಕ್ಕೆ ಬೇವಿನ ಗಿಡದವರ ಹೆಂಡತಿ ನಮ್ಮ ಗುಡಿಸಲುಗಳ ಕಡೆ ಬಂದರು. ಆ ಮನೆಯ ಹೆಂಗಸರು ಎಂದೂ ಬಾರದ ಜಾಗ. ತಲೆಯ ಮೇಲೆ ಸೆರಗು ಹೊದ್ದು ಸ್ವಲ್ಪ ದೂರದಲ್ಲೇ ನಿಂತರು. ನಾನು ಎದ್ದು ಕೈ ಮುಗಿದೆ. ನೀನೇ ಒಳಗೆ ಬಿಟ್ಟೆ, ನೀನೇ ಪಾಟೀಲರಿಗೆ ಹೇಳಿದೆ ಎಂದು ಶಪಿಸಲು ಬಂದಿದ್ದಾರೆ ಅಂದುಕೊಂಡೆ.

"ಕಡಿಗಿ ನೀರ ಕುಡದ್ರೇನು?" ಎಂದು ಕೇಳಿದರು.

"ಕುಡದ್ರರಿ ಅವ್ವಾರ."

"ಕೊಡ ಬಂಡಿ ಮ್ಯಾಲೇ ತುಂಬಿತ್ತಂತ. ಯಾರ ನೀರ?"

ಸುಳ್ಳು ಹೇಳಬಹುದಿತ್ತು. ಏನು ಹೇಳಿದರೆ ಏನಾದೀತೆಂದು ಲೆಕ್ಕ ಹಾಕುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. "ನನ್ನ ಗಡಗಿ ನೀರರಿ. ಹೇಳೇ ಕೊಟ್ಟೇನ್ರಿ. ಕೊಡು ಅಂದ್ರು" ಅಂದೆ.



"ಸಾಕಾಗುವಷ್ಟು ಕುಡದ್ರೇನು?"

"ಸಂಜೀತನಕ ಕುಡದ್ರರಿ. ಕೇಳಿದಾಗೆಲ್ಲ ಕೊಟ್ಟೇನ್ರಿ."

"ಹಂ" ಅಂದರು. ಸೆರಗಿನಿಂದ ಮುಖ ಒರೆಸಿಕೊಂಡು, ಬಂದ ದಾರಿಯಲ್ಲೇ ಕೆರೆಯ ಕಡೆ ಹೋದರು.